ಓದುಗರ ಪ್ರಶ್ನೆ: ಶಿಬೊರಿಯಲ್ಲಿ ಬಿಳಿ ಉಳಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿ): ಹತ್ತಿ ಕರವಸ್ತ್ರಕ್ಕೆ ಶಿಬೊರಿಯ, ಅಂದರೆ ಬಟ್ಟೆ ಕಟ್ಟಿ ಬಣ್ಣ ಹಾಕುವ ಜಪಾನಿನ ಕಲೆಯ, ಜೇಡರಬಲೆ ವಿನ್ಯಾಸ ಕಟ್ಟಿ ನೀಲಿಯಲ್ಲಿ (ಇಂಡಿಗೊ) ಅರ್ಧ ಗಂಟೆ ನೆನೆಸಿದೆ. ಬಿಚ್ಚಿ ನೋಡಿದರೆ ಬಿಳಿ ಗೆರೆಗಳೆಲ್ಲ ತಿಳಿನೀಲಿ. ಬಣ್ಣ ಗಟ್ಟಿಯಾಯಿತೇ?

ಉತ್ತರ: ಬಣ್ಣದ ತಪ್ಪಲ್ಲ, ಅರ್ಧ ಗಂಟೆಯ ತಪ್ಪು. ನೀಲಿ ನೂಲಿನ ಮೇಲ್ಮೈಯಲ್ಲಿ ಕೂರುವ ಬಣ್ಣ, ಒಳಗೆ ನುಗ್ಗಲು ಹೊತ್ತು ಹಿಡಿಯುತ್ತದೆ. ಶಿಬೊರಿಗೆ ಅದು ಅಷ್ಟು ಹೊಂದುವುದೇ ಆ ಕಾರಣಕ್ಕೆ. ಒಂದೇ ಸಲ ಅರ್ಧ ಗಂಟೆ ಮುಳುಗಿಸಿಟ್ಟರೆ ಮಡಿಕೆಗಳೊಳಗೂ ಇಳಿಯಲು ನೀವೇ ಅವಕಾಶ ಕೊಟ್ಟಂತೆ. ಎರಡು ಮೂರು ನಿಮಿಷ ಮುಳುಗಿಸಿ, ಹೊರತೆಗೆದು ಹತ್ತು ನಿಮಿಷ ಗಾಳಿಗೆ ಹಿಡಿಯಿರಿ. ಹಸಿರಾಗಿದ್ದದ್ದು ನೀಲಿಗೆ ತಿರುಗಿದ ಮೇಲೆ ಮತ್ತೆ ಮುಳುಗಿಸಿ. ಐದಾರು ಸುತ್ತಿಗೆ ಗಾಢ ನೀಲಿ ಬರುತ್ತದೆ. ಬಣ್ಣ ಕಡುವಾಗುವುದು ಎಷ್ಟು ಸಲ ಅದ್ದಿದಿರಿ ಎಂಬುದರಿಂದ, ಎಷ್ಟು ಹೊತ್ತು ಇಟ್ಟಿರಿ ಎಂಬುದರಿಂದಲ್ಲ.

ಇನ್ನೊಂದು ಶಂಕೆ: ಕಟ್ಟಿದ ಬಟ್ಟೆಯನ್ನು ಒಣಗಿದ್ದಂತೆಯೇ ಅದ್ದಿರಬಹುದು. ಒಣ ಬಟ್ಟೆ ಬಣ್ಣವನ್ನು ಒಳಕ್ಕೆ ಹೀರುತ್ತದೆ. ಕಟ್ಟಿದ ಮೇಲೆ ಅರ್ಧ ಗಂಟೆ ಬರೀ ನೀರಿನಲ್ಲಿ ಬಿಡಿ. ಮಡಿಕೆಗಳಲ್ಲಿ ನೀರು ತುಂಬಿಕೊಂಡರೆ ಬಣ್ಣಕ್ಕೆ ಜಾಗ ಸಿಗದು, ಹತ್ತಿ ದಾರವೂ ಉಬ್ಬಿ ಗಂಟು ಬಿಗಿಯುತ್ತದೆ. ನೈಲಾನ್ ದಾರ ಜಾರುತ್ತದೆ, ಬೇಡ. ಮಿಷನ್ ದಾರಕ್ಕಿಂತ ದಪ್ಪನೆಯ, ಜಗ್ಗಿದರೆ ಹರಿಯದ ಹತ್ತಿ ದಾರ ಸಾಕು. ಬಟ್ಟೆಯ ನಡುವನ್ನು ಚಿಮುಟಿ ಎತ್ತಿ, ಸುತ್ತಲಿನ ಮಡಿಕೆಗಳನ್ನು ಕೊಡೆ ಮಡಿಸುವ ಹಾಗೆ ಒಂದೊಂದಾಗಿ ಜೋಡಿಸಿ, ಬುಡದಿಂದ ತುದಿಗೆ ಸುತ್ತುತ್ತಾ ಹೋಗಿ ಮತ್ತೆ ಬುಡಕ್ಕೆ ಬನ್ನಿ. ಮಡಿಕೆಗಳು ಮುದ್ದೆಯಾದರೆ ಬಲೆ ಬಾರದು, ಬರೀ ಕಲೆ ಬರುತ್ತದೆ. ಶಿಬೊರಿಗೆ ಹೆಸರಾದ ಜಪಾನಿನ ಊರು ಅರಿಮತ್ಸುವಿನ ಕಸುಬುದಾರರು ಬಟ್ಟೆಯ ತುದಿಯನ್ನು ಸ್ಟ್ಯಾಂಡಿನ ಕೊಕ್ಕೆಗೆ ಸಿಕ್ಕಿಸಿ ಎಳೆದು ಹಿಡಿದು ಸುತ್ತುವುದೂ ಮಡಿಕೆ ಕೆಡದಿರಲೆಂದೇ.

ಮಂಗಲದಾಸ್ ಮಾರ್ಕೆಟಿನಿಂದ ತಂದ ಹೊಸ ಬಟ್ಟೆಯಾದರೆ ಮೊದಲು ಗಂಜಿ ತೆಗೆಯಿರಿ. ಲೀಟರ್ ನೀರಿಗೆ 3 ಗ್ರಾಂ ವಾಷಿಂಗ್ ಸೋಡಾ, ಚೂರು ಸೋಪು ಹಾಕಿ ಅರ್ಧ ಗಂಟೆ ಕುದಿಸಿ. ಹಳದಿ ಬಣ್ಣದ ನೀರು ಬಿಡುವುದನ್ನು ನೋಡಿದರೆ ಈ ಕೆಲಸ ಯಾಕೆಂದು ತಿಳಿಯುತ್ತದೆ.

ಪ್ರಶ್ನೆ (ವಾಸ್ಕೊ): ನೀಲಿ ಪುಡಿ, ಸುಣ್ಣ, ಸಕ್ಕರೆ ಸೇರಿಸಿ ಮೂರು ದಿನ ಕಾದರೂ ನೀರು ಹಸಿರಾಗಲಿಲ್ಲ. ಮಳೆಗಾಲದ ತಂಪಿಗೆ ಹೀಗಾಯಿತೇ?

ಉತ್ತರ: ಗೋವೆಯ ಮಳೆಗಾಲ ಅಷ್ಟು ತಂಪಲ್ಲ. ಕೈಕೊಟ್ಟದ್ದು ಸಕ್ಕರೆ. ನೀಲಿ ನೀರಿನಲ್ಲಿ ಕರಗಬೇಕಾದರೆ ಅದರ ಆಮ್ಲಜನಕವನ್ನು ಕಸಿಯುವ ಸಕ್ಕರೆ ಬೇಕು. ಅಡುಗೆಮನೆಯ ಬಿಳಿ ಸಕ್ಕರೆಗೆ ಆ ಗುಣವಿಲ್ಲ, ಫ್ರಕ್ಟೋಸ್‌ಗೆ ಇದೆ. 10 ಲೀಟರ್ ಬಿಸಿ ನೀರಿಗೆ 20 ಗ್ರಾಂ ನೀಲಿ, 40 ಗ್ರಾಂ ಸುಣ್ಣದ ಪುಡಿ, 60 ಗ್ರಾಂ ಫ್ರಕ್ಟೋಸ್. ನೀರು ಸುಮಾರು 50 ಡಿಗ್ರಿ ಇರಲಿ. ಫ್ರಕ್ಟೋಸ್ ಸಿಗದಿದ್ದರೆ ಕಳಿತ ಬಾಳೆಹಣ್ಣು ಕುದಿಸಿ ಸೋಸಿದ ನೀರು ಹಾಕಬಹುದು. ಬರೀ ಬೆಲ್ಲ ನಿಧಾನ; ತೆಂಕಣ ಭಾರತದ ಹಳೆಯ ಪದ್ಧತಿಯಲ್ಲಿ ಬೆಲ್ಲದ ಜೊತೆಗೆ ತಗಚೆ ಬೀಜ ಬೇಯಿಸಿ ಹುಳಿಯಿಸುತ್ತಿದ್ದರು. ನಿಮ್ಮೂರಿನ ಟಾಯ್ಕಿಳೊ ಸೊಪ್ಪಿನ ಗಿಡವೇ ಅದು.

ಗುಳ್ಳೆ ಏಳದಂತೆ ಮೆಲ್ಲಗೆ ಸುತ್ತಿಸಿ ತಿರುವಿ, ಒಂದು ಗಂಟೆ ಬಿಡಿ. ಮೇಲೆ ತಾಮ್ರದ ಹೊಳಪಿನ ಕೆನೆ, ಅದರಡಿ ಹಳದಿ ಹಸಿರು ತಿಳಿನೀರು ಕಂಡರೆ ಸಿದ್ಧ. ಬಟ್ಟೆ ತಳದ ಮಡ್ಡಿಗೆ ತಾಗಬಾರದು, ಜಾಲರಿ ಇಳಿಸಿ. ಕೈಗೆ ಗ್ಲೌಸ್ ಕಡ್ಡಾಯ, ಸುಣ್ಣ ಸುಡುತ್ತದೆ. ರೇಷ್ಮೆ, ಉಣ್ಣೆಗೆ ಈ ಸುಣ್ಣದ ನೀರು ಒಳ್ಳೆಯದಲ್ಲ.

ಪ್ರಶ್ನೆ (ಠಾಣೆ): ಪಿವಿಸಿ ಪೈಪಿಗೆ ಸುತ್ತಿ ಓರೆ ಗೆರೆ ಮಾಡಿದೆ. ಹೊರಸುತ್ತಿನಲ್ಲಿ ಮಾತ್ರ ಗೆರೆ ಬಂತು, ಒಳಗೆ ಬಣ್ಣವೇ ತಾಗಿಲ್ಲ.

ಉತ್ತರ: ಇದು ಅರಾಶಿ, ಬಿರುಗಾಳಿಯ ಮಳೆಯಂತೆ ಗೆರೆ ಮೂಡುವ ವಿಧಾನ. ಬಟ್ಟೆ ಪೈಪಿಗೆ ಎರಡು ಸುತ್ತಿಗಿಂತ ಹೆಚ್ಚು ಬರಬಾರದು. ನೀವು ಪೂರ್ತಿ ದುಪ್ಪಟ್ಟಾ ಸುತ್ತಿರಬೇಕು. ನಾಲ್ಕು ಇಂಚಿನ ಪೈಪಿಗೆ ಬಟ್ಟೆಯನ್ನು ಓರೆಯಾಗಿ ಸುತ್ತಿ, ದಾರವನ್ನು ಅರ್ಧ ಸೆಂಟಿಮೀಟರ್ ಅಂತರದಲ್ಲಿ ಸುತ್ತಿ. ಎಂಟ್ಹತ್ತು ಸುತ್ತಿಗೊಮ್ಮೆ ಎರಡೂ ಕೈಯಿಂದ ಕೆಳಕ್ಕೆ ತಳ್ಳಿ ನಿರಿಗೆ ಮಾಡಿ. ಬಟ್ಟೆ ಜಾರದಿದ್ದರೆ ದಾರ ಅತಿಯಾಗಿ ಬಿಗಿಯಾಗಿದೆ. ಕುದಿಯುವ ಬಣ್ಣಕ್ಕೆ ಪಿವಿಸಿ ಮೆತ್ತಗಾಗುತ್ತದೆ, ಸ್ಟೀಲ್ ಪೈಪ್ ಬೇಕು.

ಪ್ರಶ್ನೆ (ಪುಣೆ, ಕೋಥ್ರೂಡ್): ಪ್ರದರ್ಶನಗಳಲ್ಲಿ ‘ಶಿಬೊರಿ’ ಹೆಸರಿನ ಅಗ್ಗದ ಸೀರೆಗಳಿವೆ. ಕೈಯಲ್ಲಿ ಕಟ್ಟಿದ್ದೋ, ಪ್ರಿಂಟೋ ಹೇಗೆ ತಿಳಿಯುವುದು? ನಮ್ಮ ಬಾಂಧಣಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಸೀರೆ ತಿರುಗಿಸಿ ನೋಡಿ. ಪ್ರಿಂಟ್ ಆದರೆ ಹಿಂಬದಿ ಸಾಮಾನ್ಯವಾಗಿ ಮಂಕು. ಆದರೆ ತೆಳು ಬಟ್ಟೆಯಲ್ಲಿ ಪ್ರಿಂಟೂ ಹಿಂದಕ್ಕೆ ಇಳಿದಿರುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಪಕ್ಕಪಕ್ಕದ ಎರಡು ಹೂ ಹುಡುಕಿ ಹೋಲಿಸಿ. ಚೂರೂ ಬದಲಾಗದೆ ಒಂದೇ ಥರ ಇದ್ದರೆ ಅದು ಯಂತ್ರದ್ದು. ಕಟ್ಟಿದ್ದರಲ್ಲಿ ಗೆರೆಯ ಅಂಚು ಒಂದೆಡೆ ಚೂಪು, ಇನ್ನೊಂದೆಡೆ ಮಸುಕು. ಹೊಲಿದು ಎಳೆದ ನುಯಿ ವಿಧಾನವಾದರೆ ಗೆರೆಯುದ್ದಕ್ಕೂ ಸೂಜಿ ತೂತುಗಳನ್ನು ಬೆಳಕಿಗೆ ಹಿಡಿದು ಕಾಣಬಹುದು. ಒಂದೊಂದು ಚುಕ್ಕೆಯನ್ನೂ ಕಟ್ಟಿದ ಸೀರೆ ಸಾವಿರ ರೂಪಾಯಿಗೆ ಬರುವುದಿಲ್ಲ, ಇದಕ್ಕೆ ಭೂತಗನ್ನಡಿಯೂ ಬೇಡ.

ಬಾಂಧಣಿಗೆ ತೀರಾ ಹತ್ತಿರದ್ದು ಕಾನೊಕೊ, ಜಿಂಕೆಮರಿಯ ಮೈಚುಕ್ಕೆಯಂಥ ವಿನ್ಯಾಸ. ಅದಕ್ಕೆ ಹೆಸರಾದದ್ದು ಕ್ಯೋಟೊ. ಆದರೆ ಶಿಬೊರಿ ಎಂದರೆ ಚುಕ್ಕೆ ಕಟ್ಟುವುದಷ್ಟೇ ಅಲ್ಲ. ಹೊಲಿಯುವುದು, ಹಲಗೆಗಳ ನಡುವೆ ಅಮುಕುವುದು, ಕೋಲಿಗೆ ಸುತ್ತುವುದು ಎಲ್ಲ ಸೇರಿ ನೂರಕ್ಕೂ ಹೆಚ್ಚು ವಿಧಾನಗಳು ಅರಿಮತ್ಸುವಿನಲ್ಲಿ ಬೆಳೆದಿವೆ. 1608ರಲ್ಲಿ ತೊಕೈದೊ ಹೆದ್ದಾರಿಯ ಪಕ್ಕ ಹುಟ್ಟಿದ ಈ ಊರು ಈಗ ನಗೋಯಾ ನಗರದ ಭಾಗ. ಬೇಸಾಯಕ್ಕೆ ಹೆಚ್ಚು ನೆಲವಿಲ್ಲದ ಊರಿನವರು ದಾರಿಹೋಕರಿಗೆ ಬಣ್ಣಕಟ್ಟಿನ ಕೈವಸ್ತ್ರ ಮಾರಿ ಬದುಕಿದರು. ಜಪಾನ್ ಸರ್ಕಾರ 1975ರಲ್ಲಿ ಅರಿಮತ್ಸು ನರುಮಿ ಶಿಬೊರಿಯನ್ನು ಸಾಂಪ್ರದಾಯಿಕ ಕರಕುಶಲವೆಂದು ಮಾನ್ಯ ಮಾಡಿತು. ಅಲ್ಲಿ ಕಟ್ಟುವವರು ವಾಡಿಕೆಯಂತೆ ಒಬ್ಬೊಬ್ಬರು ಒಂದೇ ವಿಧಾನದಲ್ಲಿ ಪಳಗಿದವರು, ಬಟ್ಟೆಯೇ ಕೈಯಿಂದ ಕೈಗೆ ಹೋಗುತ್ತದೆ.

ಪ್ರಶ್ನೆ (ಚಿಂಚ್‌ವಡ್): ಬಿಚ್ಚಿದಾಗ ಇದ್ದ ಚೆಂದದ ಸುಕ್ಕು ಒಗೆದ ಮೇಲೆ ಹೋಯಿತು.

ಉತ್ತರ: ಹತ್ತಿಯಲ್ಲಿ ಹೋಗುವುದೇ. ಶಾಶ್ವತ ಸುಕ್ಕು ಬೇಕೆಂದರೆ ಪಾಲಿಯೆಸ್ಟರ್ ಬಟ್ಟೆ ಕಟ್ಟಿ ಹಬೆಯಲ್ಲಿ ಬಿಸಿಮಾಡಿ, ಆರಿದ ಮೇಲೆ ಬಿಚ್ಚಿ. ಬಿಚ್ಚುವಾಗ ಕತ್ತರಿಯನ್ನು ಗಂಟಿಗೆ ಮಾತ್ರ ತಾಗಿಸಿ. ದಾರ ಕತ್ತರಿಸುತ್ತಾ ಹೋದವರ ಬಟ್ಟೆಯಲ್ಲಿ ತೂತು ಗ್ಯಾರಂಟಿ.