ಪ್ರತಿಕ್ರಿಯೆ: ನದಿದಂಡೆ ಹಾದಿಯ ಅರ್ಜಿ ವಾಪಸಾಗಿದ್ದಕ್ಕೆ

ಶ್ರೀರಂಗಪಟ್ಟಣದಿಂದ ಸಂಗಮದವರೆಗೆ ಕಾವೇರಿ ದಂಡೆಯಲ್ಲಿ ನಡಿಗೆ-ಸೈಕಲ್ ಹಾದಿ ಕೇಳಿದ ಅರ್ಜಿ ‘ಜಾಗದ ವಿವರವಿಲ್ಲ’ ಎಂದು ವಾಪಸಾಗಿದ್ದರೆ, ಬಹುಶಃ ಸರ್ವೆ ನಂಬರ್ ಇಲ್ಲದೆ ಬರೀ ಗೂಗಲ್ ನಕ್ಷೆ ಲಗತ್ತಿಸಿದ್ದೀರಿ. ಕಚೇರಿ ಕೊಟ್ಟ ಹಿಂಬರಹದ (ಲಿಖಿತ ಉತ್ತರದ) ಪೂರ್ತಿ ಒಕ್ಕಣೆ ನೋಡದೆ ಇಷ್ಟೇ ಹೇಳಬಲ್ಲೆ.

ಮೊದಲು ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್) ಹಿಡಿದು ಇಡೀ ದಾರಿ ನಡೆಯಿರಿ, ಹಾದುಹೋಗುವ ಪ್ರತಿ ಸರ್ವೆ ನಂಬರ್ ಬರೆದುಕೊಳ್ಳಿ. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಸಾರ್ವಜನಿಕ ಜಾಗ, ಕೆಲಸ ಸಲೀಸು. ಹಿಡುವಳಿ (ಖಾಸಗಿ) ಜಮೀನಾದರೆ ಮಾಲೀಕರ ಬಾಯಿಮಾತು ಸಾಲದು, ಬರಹದಲ್ಲೇ ಒಪ್ಪಿಗೆ ಬೇಕು. ನಾಲೆ ಏರಿ ಬಂದರೆ ಕಾವೇರಿ ನೀರಾವರಿ ನಿಗಮವನ್ನು ಕೇಳಿ.

ಎಲ್ಲರೂ ಎಡವುವುದು ಸ್ಮಾರಕಗಳ ಹತ್ತಿರ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಆ ಊರಲ್ಲಿ ಹೆಜ್ಜೆಗೊಂದು ಸ್ಮಾರಕ! ಅಲ್ಲಿ ಇರುವ ರಸ್ತೆಯನ್ನೇ ಬಳಸಿ.

ಅಗಲ 3 ಮೀಟರ್ ಇಡಿ. ಕಮ್ಮಿಯಾದರೆ ಸೈಕಲ್‌ಗೂ ನಡೆಯುವವರಿಗೂ ಜಗಳ. ತಗ್ಗಿನಲ್ಲಿ ಇಂಟರ್‌ಲಾಕ್ ಇಟ್ಟಿಗೆ ಬೇಡ. ಕೆಆರ್‌ಎಸ್ ಗೇಟ್ ತೆರೆದರೆ ಅಡಿಯ ಮರಳು ಕೊಚ್ಚಿ, ಇಟ್ಟಿಗೆ ಕುಸಿಯುತ್ತೆ. ಕಾಂಕ್ರೀಟೇ ವಾಸಿ.

ದುಡ್ಡು: ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ, ಅದೂ ಇಡೀ ಕ್ಷೇತ್ರಕ್ಕೆ. ಹಾಗಾಗಿ 1 ಕಿ.ಮೀ. ತುಂಡಾಗಿ, ತಕರಾರಿಲ್ಲದ ತುಂಡಿನಿಂದ ಕೇಳಿ. ಮುಂದೆ ನಿರ್ವಹಣೆ ಯಾರದ್ದೆಂದು ಕೇಳಿಯೇ ಕೇಳುತ್ತಾರೆ. ಪುರಸಭೆ ಅಥವಾ ಪಂಚಾಯಿತಿಯ ಪತ್ರ ಮೊದಲೇ ಲಗತ್ತಿಸಿ, ಸರ್ವೆ ನಂಬರ್ ಪಟ್ಟಿಯೊಂದಿಗೆ ಮತ್ತೆ ಸಲ್ಲಿಸಿ.