ಮಾವನವರ ಮಂಪರಿಗೆ ಸುಣ್ಣ ಕಾರಣವೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆ ನಮ್ಮದು. 64 ವರ್ಷದ ಮಾವನವರಿಗೆ ಲಿವರ್ ಒಳಗಿನ ಪಿತ್ತನಾಳದ ಕ್ಯಾನ್ಸರ್. ಕಾಮಾಲೆ ಇರಲೇ ಇಲ್ಲ. ಕಳೆದ ತಿಂಗಳು ಚೊಂಬುಗಟ್ಟಲೆ ನೀರು ಕುಡಿಯತೊಡಗಿದರು, ಮಲಬದ್ಧತೆ ಬೇರೆ. ಆಮೇಲೆ ಮಂಪರು, ಮಗಳ ಹೆಸರೇ ಮರೆತರು. ಶುಗರ್ ಇಲ್ಲ, ರಕ್ತದ ಕ್ಯಾಲ್ಸಿಯಂ ಮಾತ್ರ ವಿಪರೀತ, 14.2. ಡ್ರಿಪ್, ಇಂಜೆಕ್ಷನ್ ಕೊಟ್ಟ ಮೇಲೆ ಎದ್ದು ಕೂತು ಕವಳ (ಎಲೆ-ಅಡಿಕೆ-ಸುಣ್ಣ) ಕೇಳಿದರು! ಕವಳದ ಸುಣ್ಣದಿಂದಲೇ ಹೀಗಾಯಿತು ಎನ್ನುತ್ತಾರೆ ನೆಂಟರು. ಮೂಳೆ ಸ್ಕ್ಯಾನ್ ಸರಿ ಇದೆ, ‘ಪಿಟಿಎಚ್‌ಆರ್‌ಪಿ ಜಾಸ್ತಿ’ ಎಂದು ರಿಪೋರ್ಟಿನಲ್ಲಿದೆ. ಹಾಲು ನಿಲ್ಲಿಸಬೇಕೇ? ನಿನ್ನೆಯಿಂದ ಎಡಗಾಲು ಊದಿದೆ.

ಉತ್ತರ: ಮೊದಲು ಕಾಲಿನ ವಿಷಯ. ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ, ರಕ್ತನಾಳದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಎಂದಿದ್ದೆ. ಉಳಿದ ಓದುಗರಿಗಾಗಿ ಮತ್ತೆ ಹೇಳುತ್ತೇನೆ. ಕ್ಯಾನ್ಸರ್ ಇದ್ದವರ ಒಂದೇ ಕಾಲು ಊದಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಬೇಡಿ, ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಈ ನಂಟನ್ನು ಪ್ಯಾರಿಸ್ಸಿನ ವೈದ್ಯ ಟ್ರೂಸೋ 1865ರಲ್ಲೇ ವಿವರಿಸಿದ್ದರು. ವಿಚಿತ್ರ ನೋಡಿ, ಮುಂದೆ ಅದೇ ಲಕ್ಷಣ ಅವರಲ್ಲೂ ಕಾಣಿಸಿತು. 1867ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಇನ್ನು ಸುಣ್ಣ. ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಸುಣ್ಣ ಅಂದರೆ ಕ್ಯಾಲ್ಸಿಯಮ್ಮೇ ಅಲ್ವಾ? ಅತಿಯಾಗಿ ಕವಳ ಹಾಕುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿದ್ದು ಅಪರೂಪಕ್ಕೆ ಉಂಟು. ಆದರೆ ನಿಮ್ಮ ರಿಪೋರ್ಟು ಬೇರೆ ಕಥೆ ಹೇಳುತ್ತಿದೆ. ನಮ್ಮ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಕ್ಯಾಲ್ಸಿಯಂ ನೋಡಿಕೊಳ್ಳುತ್ತದೆ. ಪಿಟಿಎಚ್‌ಆರ್‌ಪಿ ಅದನ್ನೇ ಹೋಲುವ ವಸ್ತು. ಕೆಲವು ಗಡ್ಡೆಗಳು ಅದನ್ನು ತಾವೇ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಗಡ್ಡೆ ಕೂತಿರುವುದು ಲಿವರಿನಲ್ಲಿ, ಕ್ಯಾಲ್ಸಿಯಂ ಕರಗುವುದು ಮೂಳೆಯಿಂದ. ಅದಕ್ಕೆ ಮೂಳೆಗೆ ಹರಡಲೇಬೇಕು ಅಂತೇನಿಲ್ಲ. ಕ್ಯಾಲ್ಸಿಯಂ ಏರಿದರೆ ಕಿಡ್ನಿ ನೀರು ಹಿಡಿದಿಡಲಾರದು. ಮೂತ್ರ ಜಾಸ್ತಿ, ದೇಹ ಒಣಗುತ್ತದೆ, ಕ್ಯಾಲ್ಸಿಯಂ ಇನ್ನೂ ಏರುತ್ತದೆ, ಕೊನೆಗೆ ತಲೆಗೆ ಮಂಕು. ಇಂಥ ಮಂಪರನ್ನು ‘ಇನ್ನೇನು ಮುಗಿಯಿತು’ ಎಂದುಕೊಂಡು ಮನೆಯಲ್ಲೇ ಮಲಗಿಸಿಬಿಡುವವರಿದ್ದಾರೆ. ನೀವು ಕರೆದುಕೊಂಡು ಹೋದಿರಿ, ಒಳ್ಳೆಯದಾಯಿತು.

ಕಾಮಾಲೆ ಯಾಕಿರಲಿಲ್ಲ? ಗಡ್ಡೆ ಇರುವುದು ಲಿವರ್ ಒಳಗಿನ ಸಣ್ಣ ನಾಳದಲ್ಲಿ. ಉಳಿದ ನಾಳಗಳಲ್ಲಿ ಪಿತ್ತ ಹರಿಯುತ್ತಲೇ ಇರುತ್ತದೆ. ನಮ್ಮ ಮಲೆನಾಡಿನಲ್ಲಿ ಕಣ್ಣು ಹಳದಿಯಾಗದಿದ್ದರೆ ಲಿವರ್ ಸರಿ ಇದೆ ಅಂತಲೇ ಲೆಕ್ಕ!

ಹಾಲು ಪೂರ್ತಿ ನಿಲ್ಲಿಸಬೇಕಿಲ್ಲ. ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಮಾತ್ರೆಗಳನ್ನು ಮಾತ್ರ ಸುಮ್ನೆ ನುಂಗಿಸಬೇಡಿ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಇದ್ದರೆ ವೈದ್ಯರಿಗೆ ತಿಳಿಸಿ, ಅವೂ ಕ್ಯಾಲ್ಸಿಯಂ ಏರಿಸುತ್ತವೆ. ಕವಳ ಬಾಯಿಯ ಕ್ಯಾನ್ಸರಿಗೆ ದಾರಿ, ಅದನ್ನು ಬಿಡಿ ಎಂದು ಬೇರೆ ಯಾರಿಗಾದರೂ ಹೇಳುತ್ತಿದ್ದೆ. ಇವರ ಜೊತೆ ಈಗ ಜಗಳ ಬೇಡ. ಸುಣ್ಣ ಕಡಿಮೆ ಮಾಡಿಸಿ, ಸಾಕು.

ಮತ್ತೆ ಬರುತ್ತದೆಯೇ? ಗಡ್ಡೆ ಹತೋಟಿಗೆ ಬಾರದಿದ್ದರೆ ಬರುತ್ತದೆ. ಈ ಕ್ಯಾನ್ಸರಿನಲ್ಲಿ ಕ್ಯಾಲ್ಸಿಯಂ ಏರುವುದು ಒಳ್ಳೆಯ ಸೂಚನೆಯಲ್ಲ, ಮುಚ್ಚಿಡುವುದಿಲ್ಲ. ಆಪರೇಷನ್ ಆಗುವುದಿಲ್ಲ ಎಂದರೆ ಸಾಮಾನ್ಯವಾಗಿ ಜೆಮ್‌ಸಿಟಾಬಿನ್ ಮತ್ತು ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ಕೊಡುತ್ತಾರೆ. ಬಯಾಪ್ಸಿ ತುಣುಕಿನಲ್ಲಿ ಎಫ್‌ಜಿಎಫ್‌ಆರ್2, ಐಡಿಎಚ್1 ಜೀನ್ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಅದರಲ್ಲಿ ಬದಲಾವಣೆ ಸಿಕ್ಕಿದವರಿಗೆ ನುಂಗುವ ಮಾತ್ರೆಗಳಿವೆ, ದುಬಾರಿ. ಅಲ್ಲಿಯವರೆಗೆ ವೈದ್ಯರು ಹೇಳಿದ ದಿನಕ್ಕೆ ಕ್ಯಾಲ್ಸಿಯಂ ಪರೀಕ್ಷೆ ತಪ್ಪಿಸಬೇಡಿ. ನೀರಡಿಕೆ ಮತ್ತೆ ಶುರುವಾದರೆ ಆ ದಿನಕ್ಕೂ ಕಾಯಬೇಡಿ.