'ಪಿಕ್ ಯುವರ್ ಬ್ರೇನ್' ಅಂದರೆ ಬೈಗುಳ ಅಲ್ಲ

ಮ್ಯಾನೇಜರ್ 'ಕ್ಯಾನ್ ಐ ಪಿಕ್ ಯುವರ್ ಬ್ರೇನ್?' ಅಂತ ಮೆಸೇಜ್ ಹಾಕಿದ್ದು ವ್ಯಂಗ್ಯವಾ ಅಂತ ಕೇಳಿದ್ದೀರಿ. ಅಲ್ಲವೇ ಅಲ್ಲ. ಆ ವಿಷಯ ನಿಮಗೆ ಚೆನ್ನಾಗಿ ಗೊತ್ತು, ಸ್ವಲ್ಪ ಕೇಳಿ ತಿಳಿದುಕೊಳ್ಳಬೇಕು ಅಂತಷ್ಟೇ ಅರ್ಥ. 'ಶ್ಯೂರ್, ಯಾವಾಗ ಮಾತಾಡೋಣ?' ಅಂತ ಉತ್ತರಿಸಿ, ಸಾಕು. ಹೊರಗಿನವರು ಪದೇ ಪದೇ ಹೀಗೆ ಕೇಳುತ್ತಿದ್ದರೆ ಮಾತ್ರ ಹುಷಾರು, ಅದು ಬಿಟ್ಟಿ ಸಲಹೆ ಪಡೆಯೋ ದಾರಿ!

ನೀವು ಜೊತೆಗೆ ಕೇಳಿದ 'ರ್‍ಯಾಕ್ ಯುವರ್ ಬ್ರೇನ್ಸ್' ಬೇರೆ. ನೆನಪಾಗದ್ದನ್ನು ನೆನಪಿಸಿಕೊಳ್ಳಲು ತಲೆ ಕೆರೆದುಕೊಳ್ಳುತ್ತೇವಲ್ವಾ, ಅದು. ಇಲ್ಲಿ ಸಾಮಾನ್ಯವಾಗಿ ಬಹುವಚನ 'ಬ್ರೇನ್ಸ್' ಬಳಸುತ್ತಾರೆ. 'ಶಿ ಹ್ಯಾಸ್ ಬ್ರೇನ್ಸ್' ಅಂದರೂ ಅಷ್ಟೆ, ಅವಳಿಗೆ ಬುದ್ಧಿ ಇದೆ ಅಂತ. ಎರಡು ಮೆದುಳು ಅಂತಲ್ಲ.

ನಿಜವಾಗಿ ಗೊಂದಲ ಮಾಡೋದು 'ಬ್ರೇನ್‌ಸ್ಟಾರ್ಮ್'. ಆಫೀಸಿನಲ್ಲಿ ಅದು ಎಲ್ಲರೂ ಕೂತು ತೋಚಿದ್ದನ್ನೆಲ್ಲ ಹೇಳೋದು. ಈ ಪದ್ಧತಿಯನ್ನು ಜನಪ್ರಿಯ ಮಾಡಿದವರು ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್. ಮೊದಲು ಐಡಿಯಾಗಳು ಬರಲಿ, ಟೀಕೆ ಆಮೇಲೆ ಅನ್ನೋದು ಅವರ ಮುಖ್ಯ ನಿಯಮ. ನಮ್ಮ ಮೀಟಿಂಗ್‌ಗಳಲ್ಲಿ ಪಾಲಿಸದೇ ಇರೋದೂ ಅದನ್ನೇ ಬಿಡಿ. ಆದರೆ ಬ್ರಿಟಿಷರು 'ಐ ಹ್ಯಾಡ್ ಎ ಬ್ರೇನ್‌ಸ್ಟಾರ್ಮ್' ಅಂದರೆ 'ಒಂದು ಕ್ಷಣ ತಲೆ ಕೆಟ್ಟಿತ್ತು' ಅಂತ. ಅಮೆರಿಕದವರು ಅದನ್ನೇ ಹೇಳಿದರೆ ಒಳ್ಳೆ ಐಡಿಯಾ ಹೊಳೆಯಿತು ಅಂತ. ನಿಮ್ಮ ಕ್ಲೈಂಟ್ ಲಂಡನ್ನಿನವರು ಅಂದಿರಿ, ಹಾಗಾಗಿ ಐಡಿಯಾ ಹೊಳೆದಾಗ 'ಬ್ರೇನ್‌ವೇವ್' ಅನ್ನಿ.